ಚಿತ್ರಸಂಗೀತದಲ್ಲಿ ನಾಡವಾದ್ಯಗಳ ಪಾಡು

2022ರಲ್ಲಿ ‘ಕಾಂತಾರ’ ತೆರೆಕಂಡು ಗೆದ್ದಂದಿನಿಂದ ಚಿತ್ರಸಂಗೀತದಲ್ಲಿ ದೇಶೀ ವಾದ್ಯಗಳ ಮಾತು ಮತ್ತೆ ಕೇಳಿಬರುತ್ತಿದೆ. ಸಂತೋಷವೇ. ಆದರೆ ‘ಬೆರಕೆ ಸಲ್ಲದು’ ಎನ್ನುವವರ ವಾದವೂ ‘ಬೆರಕೆಯೇ ಪ್ರಗತಿ’ ಎನ್ನುವವರ ವಾದವೂ ನನಗೆ ಸಮನಾಗಿ ಪೊಳ್ಳೆನಿಸುತ್ತವೆ. ಚಿತ್ರಸಂಗೀತ ಹುಟ್ಟಿನಿಂದಲೇ ಬೆರಕೆಯದು. ಪಿಟೀಲು ಕರ್ನಾಟಕ ಸಂಗೀತದ ಮನೆಮಗಳಾದ ಬಗೆಯನ್ನು ಬಲ್ಲವರು ಅದಕ್ಕೆ ಅಂಜಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ವಾದ್ಯದೊಡನೆ ಅದನ್ನು ನುಡಿಸುವವನೂ ಒಳಗೆ ಬಂದನೇ, ಇಲ್ಲವೆ ಅದರ ದನಿ ಮಾತ್ರ ಬಂದಿತೇ?

1977ರ ‘ಸನಾದಿ ಅಪ್ಪಣ್ಣ’ವನ್ನು ನೆನೆಯೋಣ. ಕೃಷ್ಣಮೂರ್ತಿ ಪುರಾಣಿಕರ ಕಥೆ, ಜಿ. ಕೆ. ವೆಂಕಟೇಶರ ಸಂಗೀತ, ತೆರೆಯ ಮೇಲೆ ರಾಜಕುಮಾರ್; ಸನಾದಿಯ ದನಿಯೋ ಸಾಕ್ಷಾತ್ ಬಿಸ್ಮಿಲ್ಲಾ ಖಾನರದು. ಎಸ್. ಜಾನಕಿಯವರ ಕಂಠದ ಎದುರು ಅಲ್ಲಿ ಶಹನಾಯಿ ಹಿನ್ನೆಲೆಯಾಗಿ ಕುಳಿತಿಲ್ಲ, ಸರಿಸಮನಾಗಿ ಮಾತಾಡುತ್ತದೆ. ಉತ್ತರ ಕರ್ನಾಟಕದ ಮದುವೆಯ ಚಪ್ಪರದಲ್ಲಿ ಯಾರೂ ತಿರುಗಿ ನೋಡದಿದ್ದ ವಾದ್ಯಕ್ಕೆ ಕಥಾನಾಯಕನ ಪಟ್ಟ ದೊರೆತದ್ದು ಸಣ್ಣ ಸಂಗತಿಯಲ್ಲ.

ಶಹನಾಯಿಯ ಜೀವವಿರುವುದು ಬಿಡಿ ಸ್ವರಗಳಲ್ಲಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಹಾದಿಯಲ್ಲಿ. ರಂಧ್ರವನ್ನು ಅರೆ ಮುಚ್ಚಿ, ಉಸಿರನ್ನು ಬಿಗಿಸಿ ಸಡಿಲಿಸಿ ವಾದಕನು ಆ ಹಾದಿಯನ್ನು ಪ್ರತಿಸಲವೂ ಹೊಸತಾಗಿ ತುಳಿಯುತ್ತಾನೆ. ಇಂದಾದರೋ ಮೊದಲೇ ಮುದ್ರಿಸಿಟ್ಟ ಬಿಡಿ ದನಿಗಳು ಕಂಪ್ಯೂಟರಿನಲ್ಲಿ ಸಿದ್ಧವಾಗಿರುತ್ತವೆ. ಕೀಬೋರ್ಡಿನ ಮನೆಯನ್ನೊತ್ತಿದರೆ ಶಹನಾಯಿ, ಇನ್ನೊಂದು ಗುಂಡಿಯನ್ನೊತ್ತಿದರೆ ಅದೇ ಮನೆಯಲ್ಲಿ ಸಾರಂಗಿ. ಆ ಕೀಬೋರ್ಡು ಸ್ಥಾಯಿಯನ್ನು 12 ಸಮಪಾಲು ಮಾಡುತ್ತದೆ. ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಅಲ್ಲಿಯ ಗಾಂಧಾರ ಅರ್ಧಸ್ವರದ ಸುಮಾರು ಏಳನೆಯ ಒಂದು ಪಾಲಿನಷ್ಟು ಮೇಲಿರುತ್ತದೆ. ಸ್ವರವನ್ನು ಬಾಗಿಸುವ ಸಾಧನ ಯಂತ್ರದಲ್ಲಿಯೂ ಉಂಟು, ನಿಜ. ಆದರೆ ಗಡುವಿನ ಅವಸರದಲ್ಲಿ ಅದನ್ನು ಬಾಗಿಸುವಷ್ಟು ವ್ಯವಧಾನ ಎಷ್ಟು ಜನಕ್ಕಿದೆ?

ಸೂಕ್ಷ್ಮಶ್ರುತಿಯ ನಷ್ಟ ರಸಿಕರದು. ಅನ್ನದ ನಷ್ಟ ವಾದಕನದು. ಒಮ್ಮೆ ನುಡಿಸಿ ಹೋದ ಮೇಲೆ ಅವನ ದನಿ ಎಷ್ಟು ಚಿತ್ರಗಳಲ್ಲಿ ದುಡಿಯಿತೆಂಬ ಲೆಕ್ಕ ಅವನಿಗೆ ತಲಪುವುದು ಅಪರೂಪ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆ ವಾದಕರಿಗೂ ಗೌರವಧನದ ಹಕ್ಕನ್ನು ಒಪ್ಪಿದೆ. ಅದೇ ಕಾಯಿದೆಯಲ್ಲಿ ಒಂದು ಷರತ್ತೂ ಇದೆ: ಚಲನಚಿತ್ರದಲ್ಲಿ ಪ್ರಾಸಂಗಿಕವಾಗಿ ಪಾಲುಗೊಂಡು, ಉದ್ಯಮದ ರೂಢಿಯಂತೆ ಹೆಸರು ಎಲ್ಲಿಯೂ ನಮೂದಾಗದವನನ್ನು, ಕೃತಿಯನ್ನು ವಿರೂಪಗೊಳಿಸಿದಾಗ ತಡೆಯುವ ಹಕ್ಕೊಂದರ ಹೊರತು, ಕಲಾವಿದನೆಂದೇ ಎಣಿಸಲಾಗದು. ಹಾಡಿನ ಕೆಳಗೆ ಗಾಯಕರ ಹೆಸರಿನ ಪಕ್ಕದಲ್ಲಿ ಸನಾದಿಯವನ ಹೆಸರನ್ನೂ ಅಚ್ಚಿಸಿರೆಂದು ನಾನು ಕೇಳುವುದು ಇದಕ್ಕಾಗಿಯೇ. ನಿರ್ಮಾಪಕನಿಗೆ ಅದು ಒಂದು ಸಾಲಿನ ಜಾಗ. ಆ ಮನುಷ್ಯನಿಗೆ ಅವನ ಪಾಲಿನ ಹಣವನ್ನು ಕೇಳಲು ಇರುವ ಪುರಾವೆ.