ನಗುವ ಹೆಂಗಸನ್ನು ನಂಬಿರಿ

'ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದು' ಎಂಬ ಗಾದೆ ನಮ್ಮಲ್ಲಿ ಇಂದಿಗೂ ಚಲಾವಣೆಯಲ್ಲಿದೆ. ಗಾದೆಯೆಂದರೆ ವೇದಕ್ಕೆ ಸಮಾನ ಎಂದು ಇನ್ನೊಂದು ಗಾದೆ ಇರುವುದರಿಂದ ಇದನ್ನು ಪ್ರಶ್ನಿಸುವವರು ಕಡಿಮೆ. ಯಮಕನಮರಡಿಯಲ್ಲಿ ಕುಳಿತು ಸುತ್ತಲಿನ ಹಳ್ಳಿಗಳ ರೋಗಿಗಳನ್ನು ನೋಡುವ ನನ್ನಂಥ ಸಾಮಾನ್ಯ ವೈದ್ಯನಿಗೆ ಮಾತ್ರ ಈ ಗಾದೆ ಬಹಳ ತೊಂದರೆ ಕೊಡುತ್ತದೆ. ಅಳುವ ಗಂಡಸು ದವಾಖಾನೆಗೆ ಬರುವುದೇ ಅಪರೂಪ. ಆತನ ಮಾತು ಇನ್ನೊಂದು ವಾರಕ್ಕಿರಲಿ. ನಗುವ ಹೆಂಗಸು ಬರುತ್ತಾಳೆ. ನಗುತ್ತಲೇ ತನ್ನ ಬೇನೆಯನ್ನು ಹೇಳುತ್ತಾಳೆ. ಜೊತೆಗೆ ಬಂದವರು ಆ ಮಾತನ್ನು ತಮಾಷೆಯೆಂದು ಬಿಟ್ಟುಬಿಡುತ್ತಾರೆ.

ಕನ್ನಡದಲ್ಲಿ ನಗುವ ಹೆಂಗಸು ಎಂದೊಡನೆ ನನಗೆ ನೆನಪಾಗುವವರು ಟಿ. ಸುನಂದಮ್ಮ (1917-2006). ನಮ್ಮ ಭಾಷೆಯ ಮೊದಲ ಹಾಸ್ಯಲೇಖಕಿ ಎಂದೇ ಅವರು ಹೆಸರಾದವರು. ಅವರ ಬರವಣಿಗೆಗೆ ಅಂಗಳ ಒದಗಿಸಿದ್ದು 1942ರಲ್ಲಿ ಆರಂಭವಾದ 'ಕೊರವಂಜಿ' ಮಾಸಪತ್ರಿಕೆ. ಅದನ್ನು ಹುಟ್ಟುಹಾಕಿದವರು ಸಾಹಿತ್ಯದ ಪ್ರಾಧ್ಯಾಪಕರೇನೂ ಅಲ್ಲ. ಬೆಂಗಳೂರಿನ ಒಬ್ಬ ವೈದ್ಯರು, 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ. ಮನಸ್ಸಿನ ಕಾಯಿಲೆಗಳನ್ನು ಕುರಿತು ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರೂ ಅವರೇ. ಬೆಳಿಗ್ಗೆ ಸ್ಟೆತಾಸ್ಕೋಪು, ಸಂಜೆ ಹಾಸ್ಯಪತ್ರಿಕೆಯ ಕರಡು! ನಮ್ಮ ವೃತ್ತಿಯವರಿಗೆ ಅಕ್ಷರವೇ ಓದಲು ಬಾರದಂತೆ ಬರೆಯುವುದು ರೂಢಿ ಎಂದು ಗೇಲಿ ಮಾಡುವವರಿಗೆ ನಾನು ರಾಶಿಯವರ ಹೆಸರು ಹೇಳಿ ಬಾಯಿ ಮುಚ್ಚಿಸುವುದುಂಟು.

ಸುನಂದಮ್ಮನವರ ವಸ್ತು ದೊಡ್ಡದೇನೂ ಅಲ್ಲ. ಮನೆ, ಯಜಮಾನರು, ಮಕ್ಕಳು, ಹೇಳದೆ ಬರುವ ನೆಂಟರು, ನೆರೆಮನೆಯ ಪ್ರತಿಷ್ಠೆ, ಹೆಂಗಸರ ಕೂಟ ಇಷ್ಟೇ. ನಗುವವರೂ ಅವರೇ, ಎಷ್ಟೋ ಸಲ ನಗೆಗೆ ಗುರಿಯಾಗುವವರೂ ಅವರೇ. ಆದರೆ ಇದರಲ್ಲೊಂದು ದೊಡ್ಡ ಬದಲಾವಣೆ ಅಡಗಿತ್ತು. ಅದುವರೆಗೆ ಹಾಸ್ಯದಲ್ಲಿ ಹೆಂಡತಿ ಎಂಬುವಳು ಗಂಡಸರು ನಗುವುದಕ್ಕೆ ಒದಗುವ ಒಂದು ಸಾಮಗ್ರಿ. ಕಾಡಿಸುವವಳು, ಖರ್ಚು ಮಾಡುವವಳು, ಬಾಯಿ ಜೋರು ಇರುವವಳು. ಈಗಲೂ ನಮ್ಮ ಮೊಬೈಲುಗಳಲ್ಲಿ ಬೆಳಗಾದರೆ ಹರಿದಾಡುವ ನಗೆಹನಿಗಳಲ್ಲಿ ಅರ್ಧದಷ್ಟು ಇದೇ ಸರಕು. ಸುನಂದಮ್ಮನವರಲ್ಲಿ ಆ ಹೆಂಡತಿಯೇ ಲೇಖನಿ ಹಿಡಿದು ಕುಳಿತು, ಇದೇ ಸಂಸಾರ ಒಲೆಯ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಹೇಳಿದಳು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷೆಯಾದವರು ಈ ಹಾಸ್ಯಲೇಖಕಿಯೇ.

ಪ್ರೀತಿಯ ಬಗ್ಗೆ ಅವರು ಭಾಷಣ ಬಿಗಿಯುವವರಲ್ಲ. ಆದರೂ ಅವರನ್ನು ಓದುತ್ತ ನನಗೆ ಹೊಳೆದದ್ದು, ಒಬ್ಬರನ್ನೊಬ್ಬರು ರೇಗಿಸಲು ಹೆದರದ ಗಂಡ ಹೆಂಡಿರ ನಡುವೆ ಇರುವುದೇ ಪ್ರೀತಿ ಎಂದು. ಹೆಂಡತಿ ಗಂಡನ ಬಗ್ಗೆ ಒಂದು ಚಟಾಕಿ ಹಾರಿಸಿ, ಅದಕ್ಕಾಗಿ ರಾತ್ರಿ ಬೆಲೆ ತೆರಬೇಕಾಗಿಲ್ಲ ಎನ್ನುವಂತಿದ್ದರೆ ಆ ಮನೆ ಆರೋಗ್ಯವಾಗಿದೆ ಎಂದು ನಾನು ನಾಡಿ ಹಿಡಿಯದೆಯೇ ಹೇಳಬಲ್ಲೆ.

ಇದೆಲ್ಲ ಬೆಂಗಳೂರು-ಮೈಸೂರಿನ ಓದಿದ ಹೆಂಗಸರ ಮಾತಾಯಿತು, ನಮ್ಮ ಕಡೆ ಎಲ್ಲಿದೆ ಎಂದು ಹುಕ್ಕೇರಿ, ಗೋಕಾಕದ ಓದುಗರು ಕೇಳಬಹುದು. ಇದೆ, ಹಿಂದಿನಿಂದಲೂ ಇದೆ. ಮದುವೆಯಲ್ಲಿ, ಕುಬಸದಲ್ಲಿ ಹೆಂಗಸರು ಹೇಳುವ ಒಡಪನ್ನು ಯಾರು ಕೇಳಿಲ್ಲ? ಗಂಡನ ಹೆಸರನ್ನು ನೇರವಾಗಿ ಹೇಳಬಾರದು ಎಂಬ ಕಟ್ಟಳೆಗೆ ನಮ್ಮ ಅಜ್ಜಿಯರು ಕಂಡುಕೊಂಡ ಉಪಾಯವದು. ನಾಲ್ಕು ಪ್ರಾಸ ಜೋಡಿಸಿ, ನಡುವೆ ಅತ್ತೆಗೊಂದು, ನಾದಿನಿಗೊಂದು ಚುಚ್ಚಿ, ಕೊನೆಗೆ ಹೆಸರು ಹೇಳಿ ನಾಚಿ ನಿಲ್ಲುವುದು. ಗಡಿಯಾಚೆಯ ಮರಾಠಿ ಮನೆಗಳಲ್ಲಿ ಇದನ್ನೇ ಉಖಾಣಾ ಎನ್ನುತ್ತಾರೆ. ಹೆಸರು ಬರೆದಿಟ್ಟ ಲೇಖಕಿಯರು ಬರುವುದಕ್ಕೆ ಎಷ್ಟೋ ಮೊದಲೇ ಹೆಸರಿಲ್ಲದ ಹಾಸ್ಯಗಾರ್ತಿಯರು ನಮ್ಮ ಪಡಸಾಲೆಗಳಲ್ಲಿ ಇದ್ದರು. ಕೇಸ್ ಪೇಪರು ಬರೆಯುವಾಗ 'ಯಜಮಾನರ ಹೆಸರೇನಮ್ಮ?' ಎಂದು ಕೇಳಿದರೆ ಇಂದಿಗೂ ಕೆಲವು ಹಿರಿಯರು ಮೊಮ್ಮಗನ ಮುಖ ನೋಡುತ್ತಾರೆ. ಮೊಮ್ಮಗ ಇಲ್ಲದಿದ್ದರೆ ಒಡಪು ಹೊರಬೀಳುತ್ತದೆ, ಹೊರಗೆ ಸಾಲಿನಲ್ಲಿ ಕುಳಿತವರೆಲ್ಲ ನಗುತ್ತಾರೆ, ನಮ್ಮ ಕಂಪೌಂಡರ್ ಮಾತ್ರ ಹೆಸರು ಯಾವುದು ಪ್ರಾಸ ಯಾವುದು ತಿಳಿಯದೆ ಒದ್ದಾಡುತ್ತಾನೆ.

ಒಡಪಿನ ಗುಟ್ಟೇನೆಂದರೆ ಅದರಲ್ಲಿ ಹೇಳಬಾರದ್ದನ್ನು ಹೇಳಬಹುದು. ದಿನನಿತ್ಯದ ಹಾಸ್ಯವೂ ಹಾಗೆಯೇ. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ ಮಗನ ಜೊತೆ ಬಂದಿದ್ದರು. ಪಥ್ಯದ ಮಾತೆತ್ತಿದಾಗ ಅಂದರು: "ಸಕ್ರಿ ತಿನಬ್ಯಾಡ ಅಂತೀರಿ. ಮನ್ಯಾಗ ನನ್ ಜೋಡಿ ಒಂದ್ ಸಿಹಿ ಮಾತ್ ಆಡಾವ್ರೂ ಇಲ್ಲ. ಮತ್ತ ಈ ಶುಗರ್ ಎಲ್ಲಿಂದ ಬಂತ್ರೀ?" ಮಗ ಗಹಗಹಿಸಿ ನಕ್ಕ. ನಾನೂ ನಕ್ಕೆ. ಆದರೆ ಮಗನನ್ನು ಔಷಧಿ ತರಲು ಹೊರಗೆ ಕಳಿಸಿ, ಆ ಮಾತಿನ ಎರಡನೆಯ ಭಾಗವನ್ನು ಹಿಡಿದು ಕೇಳಿದೆ. ಹಿತ್ತಲ ಕೋಣೆಯಲ್ಲಿ ಒಬ್ಬರೇ ಮಲಗುತ್ತಾರೆ. ಊಟ ಕರೆದಾಗ ಬಂತು, ಇಲ್ಲದಾಗ ಇಲ್ಲ. ಗುಳಿಗೆ ತೀರಿ ಎಷ್ಟೋ ದಿನವಾಗಿದೆ, ತಂದುಕೊಡಿ ಎಂದು ಕೇಳಲು ಮನಸ್ಸಿಲ್ಲ. ರಕ್ತಪರೀಕ್ಷೆ ಹೇಳಲಾಗದ್ದನ್ನು ಆ ಚಟಾಕಿ ಹೇಳಿತ್ತು. ಆ ದಿನ ನಾನು ಗುಳಿಗೆಯ ಪ್ರಮಾಣ ಹೆಚ್ಚಿಸಲಿಲ್ಲ. ಮಗನನ್ನು ಕೂಡಿಸಿಕೊಂಡು ಹದಿನೈದು ನಿಮಿಷ ಮಾತಾಡಿದೆ.

ಚಟಾಕಿ ಹಾರಿಸಲೂ ಅವಕಾಶವಿಲ್ಲದ ಮನೆಗಳಿಂದ ಬರುವವರ ಕಥೆ ಬೇರೆ. ತಲೆನೋವು, ಕೈಕಾಲು ಸೆಳೆತ, ಎದೆ ಹಿಡಿದಂತಾಗುವುದು, ಮೈಯೆಲ್ಲ ಉರಿ, ನಿದ್ದೆ ಇಲ್ಲ. ನಾಲ್ಕು ಡಾಕ್ಟರರನ್ನು ಕಂಡಿರುತ್ತಾರೆ, ಚೀಲದ ತುಂಬ ಎಕ್ಸ್‌ರೇ ಇರುತ್ತದೆ. ಮೊದಲು ದೇಹವನ್ನೇ ಪರೀಕ್ಷಿಸಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಥೈರಾಯ್ಡ್ ಗ್ರಂಥಿಯ ಕೊರತೆಯೂ ಹೆಂಗಸರಲ್ಲೇ ಹೆಚ್ಚು. ಇವನ್ನು ನೋಡದೆ 'ಎಲ್ಲ ನಿನ್ನ ಮನಸ್ಸಿನದು, ನಗುನಗುತ್ತ ಇರು' ಎಂದು ಕಳಿಸುವುದು ವೈದ್ಯಕೀಯವಲ್ಲ. ಇವೆಲ್ಲ ಸರಿಯಿದ್ದೂ ಬಾಧೆ ಹೋಗದಿದ್ದರೆ ಖಿನ್ನತೆಯ ಬಗ್ಗೆ ಯೋಚಿಸಬೇಕು. ಅದು ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ನಮ್ಮ ಕಡೆಯ ಹೆಂಗಸರು 'ನನಗೆ ಬೇಸರ' ಎಂದು ಹೇಳಿಕೊಂಡು ಬರುವುದಿಲ್ಲ. ಬೇಸರಕ್ಕೆ ದವಾಖಾನೆಗೆ ಹೋಗುತ್ತೇನೆಂದರೆ ಬಸ್ ಚಾರ್ಜು ಕೊಡುವವರು ಯಾರು? ಸೊಂಟನೋವಿಗಾದರೆ ಕೊಡುತ್ತಾರೆ.

ಮನೆಯವರು ಗಮನಿಸಬೇಕಾದ ಒಂದು ಚಿಹ್ನೆ ನಗುವಿಗೇ ಸಂಬಂಧಿಸಿದ್ದು. ಮೊದಲು ಮಾತಿಗೆ ಮಾತು ಕೊಡುತ್ತಿದ್ದವಳು ಈಗ ಸುಮ್ಮನಾಗಿದ್ದಾಳೆ, ಹಿಡಿಸುತ್ತಿದ್ದ ಧಾರಾವಾಹಿ, ಗೆಳತಿ, ಹಬ್ಬ ಯಾವುದೂ ಬೇಡವಾಗಿದೆ, ಎರಡು ವಾರ ಕಳೆದರೂ ಹೀಗೇ ಇದೆ ಎಂದರೆ ಅದನ್ನು 'ಈಗ ಗಂಭೀರವಾಗಿದ್ದಾಳೆ, ಜವಾಬ್ದಾರಿ ಬಂತು' ಎಂದು ಮೆಚ್ಚಬೇಡಿರಿ. ಬಾಣಂತಿಯರಲ್ಲಂತೂ ಇನ್ನೂ ಎಚ್ಚರಿಕೆ ಬೇಕು. 'ಶರಪಂಜರ' ಚಲನಚಿತ್ರವನ್ನು (1971) ಬಹಳ ಮಂದಿ ನೋಡಿದ್ದೀರಿ. ಅದು ಸುನಂದಮ್ಮನವರ ಸಮಕಾಲೀನರಾದ ತ್ರಿವೇಣಿಯವರ ಕಾದಂಬರಿ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾದ ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರು ಆಕೆಯ ಒಂದೊಂದು ಮಾತನ್ನೂ ಸಂಶಯದಿಂದಲೇ ನೋಡುತ್ತಾರೆ. ಕಾಯಿಲೆಗೆ ಔಷಧಿಯಿತ್ತು, ಆ ಅಪನಂಬಿಕೆಗೆ ಇರಲಿಲ್ಲ. ಸುನಂದಮ್ಮ ಮತ್ತು ತ್ರಿವೇಣಿ ಬರೆದದ್ದು ಒಂದೇ ಬಗೆಯ ಮನೆಗಳನ್ನು ಎಂದು ನನಗೆ ಅನಿಸುತ್ತದೆ. ಒಂದರಲ್ಲಿ ಹೆಂಗಸಿನ ಮಾತಿಗೆ ಜಾಗವಿದೆ, ಇನ್ನೊಂದರಲ್ಲಿ ಇಲ್ಲ.

ಹಾಗಾದರೆ ನಗುವೇ ಔಷಧಿಯೇ? ಇಲ್ಲಿ ನಾನು ಸ್ವಲ್ಪ ಅರಸಿಕನಾಗಬೇಕಾಗಿದೆ. ಮನಸಾರೆ ನಕ್ಕಾಗ ವಪೆ ಜೋರಾಗಿ ಆಡುತ್ತದೆ, ಎದೆಬಡಿತ ಸ್ವಲ್ಪ ಏರಿ ನಂತರ ಇಳಿಯುತ್ತದೆ, ಬಿಗಿದ ಸ್ನಾಯುಗಳು ಸಡಿಲುತ್ತವೆ. ಇಷ್ಟು ನಿಜ. ಇದರಿಂದ ಬಿ.ಪಿ. ಗುಳಿಗೆ ಬಿಡಬಹುದು, ಸಕ್ಕರೆ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. 1995ರಲ್ಲಿ ಮುಂಬಯಿಯ ಡಾ. ಮದನ್ ಕಟಾರಿಯಾ ಎಂಬ ವೈದ್ಯರು ಐದೇ ಜನರೊಂದಿಗೆ ಆರಂಭಿಸಿದ ನಗೆಕೂಟ ಇಂದು ಅನೇಕ ದೇಶಗಳಿಗೆ ಹಬ್ಬಿದೆ. ನನ್ನ ತಕರಾರೇನೂ ಇಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಉದ್ಯಾನದಲ್ಲಿ ಕೈಯೆತ್ತಿ ನಗಲು ಬರುವವರು ನಿವೃತ್ತ ಗಂಡಸರು. ಆ ಹೊತ್ತಿಗೆ ನಮ್ಮ ಹೆಂಗಸರು ಎಮ್ಮೆಯ ಕೆಳಗೋ ನಲ್ಲಿಯ ಮುಂದೋ ಇರುತ್ತಾರೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ನಗುವನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿ, ಮನುಷ್ಯ ಒಬ್ಬನೇ ಇದ್ದಾಗಿಗಿಂತ ಜೊತೆಯಲ್ಲಿ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂದು ಕಂಡುಕೊಂಡರು. ನಗು ಬೇಕಾದರೆ ಮೊದಲು ಜೊತೆ ಬೇಕು ಎಂದಾಯಿತು. ಸೊಸೆ ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬಳೇ ಉಣ್ಣುವ ಪದ್ಧತಿಯನ್ನು ಬಿಟ್ಟರೆ ಅದು ಯಾವ ನಗೆಕೂಟಕ್ಕೂ ಕಡಿಮೆಯಲ್ಲ. ಬಿಸಿ ಅನ್ನವೂ ಸಿಗುತ್ತದೆ, ಮಾತೂ ಸಿಗುತ್ತದೆ.

ಇನ್ನೊಂದು ವಿಷಯವನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಸಂಕೋಚಪಡುವವರಿದ್ದಾರೆ. ನಾನು ಬರೆದೇ ಬಿಡುತ್ತೇನೆ. ಕೆಲವು ಹೆಂಗಸರು ನಗುವುದನ್ನು ಬಿಟ್ಟಿರುವುದು ದುಃಖದಿಂದಲೂ ಅಲ್ಲ, ಅತ್ತೆಯ ಹೆದರಿಕೆಯಿಂದಲೂ ಅಲ್ಲ. ಜೋರಾಗಿ ನಕ್ಕರೆ, ಕೆಮ್ಮಿದರೆ, ಕೊಡ ಎತ್ತಿದರೆ ನಾಲ್ಕು ಹನಿ ಮೂತ್ರ ಹೋಗುತ್ತದೆ ಎಂಬ ನಾಚಿಕೆಯಿಂದ. ಎರಡು ಮೂರು ಹೆರಿಗೆಯಾದವರಲ್ಲಿ ಇದು ಬಹಳ ಸಾಮಾನ್ಯ. ಮದುವೆಗೆ ಹೋಗುವುದಿಲ್ಲ, ಬಸ್ಸಿನಲ್ಲಿ ದೂರ ಕೂಡುವುದಿಲ್ಲ, ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಗಂಡನಿಗೂ ಹೇಳಿರುವುದಿಲ್ಲ, ಗಂಡು ಡಾಕ್ಟರಿಗೆ ಹೇಳುವುದಂತೂ ದೂರ. ವಯಸ್ಸಾಯಿತು, ಹೀಗೇ ಎಂದುಕೊಂಡಿರುತ್ತಾರೆ.

ಹೀಗೇ ಇರಬೇಕಾಗಿಲ್ಲ. ಕಿಬ್ಬೊಟ್ಟೆಯ ತಳದಲ್ಲಿ ಮೂತ್ರಕೋಶವನ್ನು ಹೊತ್ತಿರುವ ಸ್ನಾಯುಗಳು ಹೆರಿಗೆಯಿಂದ ಸಡಿಲಾಗಿರುತ್ತವೆ. ಅವನ್ನು ಬಲಪಡಿಸುವ ವ್ಯಾಯಾಮಕ್ಕೆ ಬಿಡಿಗಾಸು ಖರ್ಚಿಲ್ಲ. ಮೂತ್ರವನ್ನು ತಡೆಹಿಡಿಯುವಾಗ ಯಾವ ಸ್ನಾಯುವನ್ನು ಬಿಗಿ ಹಿಡಿಯುತ್ತೀರೋ ಅದನ್ನೇ ಬಿಗಿಯಬೇಕು. ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಒಂದು ಸಲಕ್ಕೆ ಎಂಟು ಹತ್ತು ಬಾರಿ, ದಿನಕ್ಕೆ ಮೂರು ಸಲ. ಉಸಿರು ಕಟ್ಟಬಾರದು, ಹೊಟ್ಟೆ ತೊಡೆ ಬಿಗಿಯಬಾರದು. ಮೂತ್ರ ಮಾಡುತ್ತಿರುವಾಗಲೇ ಇದನ್ನು ಅಭ್ಯಾಸ ಮಾಡಬಾರದು. ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ ಮಾಡಬಹುದು, ಪಕ್ಕದವರಿಗೂ ತಿಳಿಯುವುದಿಲ್ಲ. ಮೂರು ತಿಂಗಳು ಬಿಡದೆ ಮಾಡಿದರೆ ಬಹಳ ಮಂದಿಗೆ ಗುಣ ಕಾಣುತ್ತದೆ. ಕೆಮ್ಮು ಬಹಳ ದಿನದಿಂದ ಇದ್ದರೆ, ಮಲಬದ್ಧತೆ ಇದ್ದರೆ ಅದನ್ನೂ ವಾಸಿಮಾಡಿಕೊಳ್ಳಬೇಕು. ಉರಿಮೂತ್ರ, ರಕ್ತ, ಗರ್ಭಕೋಶ ಕೆಳಗಿಳಿದಂತೆ ಅನಿಸುವುದು ಇವಿದ್ದರೆ ತಡಮಾಡದೆ ಹೆರಿಗೆ ತಜ್ಞೆಯನ್ನು ಕಾಣಿರಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ಮಹಿಳಾ ವೈದ್ಯರೇ ಬೇಕೆಂದು ಕೇಳಲು ನಾಚಬೇಡಿರಿ.

ಮನಸ್ಸಿನ ಬಾಧೆಯನ್ನು ಮನೆಯಲ್ಲೂ ದವಾಖಾನೆಯಲ್ಲೂ ಹೇಳಲಾಗದವರಿಗೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯಿದೆ. 14416ಕ್ಕೆ ಕರೆಮಾಡಿದರೆ ಹಣ ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿನಲ್ಲಾದರೂ. ಮಗನ ಮೊಬೈಲಿನಿಂದಲೇ ಮಾಡಬೇಕೆಂದಿಲ್ಲ. ಪಕ್ಕದ ಮನೆಯ ಆಶಾ ಕಾರ್ಯಕರ್ತೆಯ ಬಳಿಯೂ ಒಂದು ಮೊಬೈಲು ಇರುತ್ತದೆ.