ಕುಳಿಯ ಹತ್ತಿರದ ಆಟ



ಈ ತಿಂಗಳು ಬಂದ ಪತ್ರಗಳಲ್ಲಿ ಒಂದು ಬೆಳಗಾವಿಯ ಮಹಾಂತೇಶ ನಗರದ್ದು. ಬರೆದವರು ಮೂರು ಮಕ್ಕಳ ತಾಯಿ. ನಡುವಿನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಅವಳ ಮಾಮು ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸ ಮಾಡುತ್ತಾರೆ. ಎರಡು ಬೇಸಿಗೆ ರಜೆಗಳನ್ನು ಅಲ್ಲಿ ಕಳೆದ ಹುಡುಗಿ ಆಟ ಕಲಿತು ಬಂದಿದ್ದಾಳೆ. ಯಾರೋ ಬಿಟ್ಟುಕೊಟ್ಟ ಎರಡು ಹಳೆಯ ಕೋಲುಗಳು ಮತ್ತು ಒಂದು ಚೀಲ ಚೆಂಡುಗಳು ಅವಳ ಜೊತೆ ಬಂದಿವೆ. ಅಸರ್ ನಮಾಝ್ ಮುಗಿದರೆ ಸಾಕು, ತಾರಸಿ ಹತ್ತುತ್ತಾಳೆ. ದೊಡ್ಡವಳಾದ ಮೇಲೆ ಹಣ ಸಿಗುವ ದೊಡ್ಡ ಪಂದ್ಯಗಳಲ್ಲಿ ಆಡುತ್ತೇನೆ ಎನ್ನುತ್ತಾಳಂತೆ. ಅಬ್ಬಾ ನಕ್ಕು ಸುಮ್ಮನಾಗುತ್ತಾರೆ. ದಾದಿ ಮಾತ್ರ, “ಚಪಾತಿ ಲಟ್ಟಿಸಲು ಕೈ ನೋವು ಎನ್ನುವವಳು ಆ ಕೋಲು ಹಿಡಿದು ಏನು ಮಾಡುತ್ತಾಳೆ?” ಎಂದು ಕೇಳುತ್ತಾರೆ.

ತಾಯಿಯ ಪ್ರಶ್ನೆ ಎರಡು. ಕೈಯಲ್ಲಿ ಬಲವಿಲ್ಲದ ಹುಡುಗಿಗೆ ಈ ಆಟ ಒಲಿದೀತೇ? ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇದು ಹೊಂದೀತೇ?

ಗಾಲ್ಫ್ ಎಂದರೆ ಶ್ರೀಮಂತರು ಬಿಳಿ ಟೋಪಿ ಹಾಕಿಕೊಂಡು ಚೆಂಡನ್ನು ಆಕಾಶಕ್ಕೆ ಹಾರಿಸುವುದು ಎಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಟಿ.ವಿ.ಯಲ್ಲಿ ತೋರಿಸುವುದೂ ಅದನ್ನೇ. ಆದರೆ ಲೆಕ್ಕ ಬೇರೆಯೇ ಇದೆ. ಒಂದು ಸುತ್ತಿಗೆ 18 ಕುಳಿಗಳು. ನಿಪುಣ ಆಟಗಾರರು ಆ 18 ಕುಳಿಗಳಿಗೆ ಚೆಂಡು ಸೇರಿಸಲು ಬೇಕಾಗುವ ಹೊಡೆತಗಳನ್ನು ಸಾಮಾನ್ಯವಾಗಿ 72 ಎಂದು ಎಣಿಸುತ್ತಾರೆ. ಇದಕ್ಕೆ ಪಾರ್ ಎಂದು ಹೆಸರು. ಈ ಲೆಕ್ಕದಲ್ಲಿ ಪ್ರತಿ ಕುಳಿಗೂ ಎರಡು ಹೊಡೆತಗಳನ್ನು ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಅಂದರೆ ಗ್ರೀನ್ ಮೇಲೆ, ಚೆಂಡನ್ನು ಉರುಳಿಸುವುದಕ್ಕೆಂದೇ ಇಟ್ಟಿರುತ್ತಾರೆ. ಹದಿನೆಂಟರ ಎರಡು ಪಟ್ಟು ಮೂವತ್ತಾರು. ಅರ್ಧ ಆಟ ಅಲ್ಲೇ ಮುಗಿಯಿತಲ್ಲ! ಈ ಉರುಳಿಸುವಿಕೆ, ಗ್ರೀನ್‌ನ ಅಂಚಿನಿಂದ ಚೆಂಡನ್ನು ತುಸು ಎತ್ತಿ ಹಾಕುವುದು, ಮರಳಿನ ಹಳ್ಳದಿಂದ ಹೊರಗೆ ತರುವುದು, ಇವೆಲ್ಲ ಸೇರಿದ್ದಕ್ಕೆ ಶಾರ್ಟ್ ಗೇಮ್ ಎನ್ನುತ್ತಾರೆ. ಇದಕ್ಕೆ ತೋಳಿನ ಬಲ ಹೆಚ್ಚು ಬೇಡ. ಕಣ್ಣು, ಕೈಯ ಹದ ಮತ್ತು ತಾಳ್ಮೆ ಬೇಕು. ಲಟ್ಟಣಿಗೆಯ ಮಾತೆತ್ತಿದ ದಾದಿಯವರಿಗೆ ಇದನ್ನು ಹೇಳಿ ನೋಡಿ. ಚಪಾತಿ ದುಂಡಗಾಗುವುದು ಬಲದಿಂದಲೋ ಹದದಿಂದಲೋ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇದಕ್ಕೆ ಸಾಕ್ಷಿ ನಮ್ಮ ನಾಡಿನಲ್ಲೇ ಇದೆ. ಬೆಂಗಳೂರಿನ ಅದಿತಿ ಅಶೋಕ್ ಹುಟ್ಟಿದ್ದು 1998ರಲ್ಲಿ. ಮನೆಯಲ್ಲಿ ಗಾಲ್ಫ್ ಆಡುವವರು ಯಾರೂ ಇರಲಿಲ್ಲ. ಐದನೇ ವಯಸ್ಸಿನಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನದಲ್ಲಿ ಆಡಲು ಆರಂಭಿಸಿದರು. ಹದಿಮೂರರಲ್ಲೇ, ಇನ್ನೂ ಹವ್ಯಾಸಿಯಾಗಿದ್ದಾಗ, ವೃತ್ತಿಪರರ ಟೂರ್ನಿಯೊಂದನ್ನು ಗೆದ್ದರು. 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ ವಯಸ್ಸು 18, ಚೀಲ ಹೊತ್ತವರು ತಂದೆ. ಅದೇ ವರ್ಷ ನವೆಂಬರ್‌ನಲ್ಲಿ ಗುರುಗ್ರಾಮದಲ್ಲಿ ಮಹಿಳೆಯರ ಇಂಡಿಯನ್ ಓಪನ್ ಗೆದ್ದು, ಯುರೋಪಿನ ಮಹಿಳಾ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆಯಾದರು.

ಆದರೆ ನಾನು ಹೇಳಬೇಕೆಂದಿರುವುದು ಟೋಕಿಯೊದ ಕಥೆ. 2020ರಲ್ಲಿ ಆಗಬೇಕಿದ್ದ ಆ ಒಲಿಂಪಿಕ್ಸ್ 2021ರ ಬೇಸಿಗೆಯಲ್ಲಿ ನಡೆಯಿತು. ಅದಿತಿಯ ವಿಶ್ವ ಕ್ರಮಾಂಕ ಆಗ 200. ಅದೇ ವರ್ಷ ಕೋವಿಡ್ ಬಂದು ಮೈಯ ಶಕ್ತಿ ಕುಗ್ಗಿತ್ತು. ಮೊದಲೇ ದೂರ ಹೊಡೆಯುವವರಲ್ಲ, ಈಗಂತೂ ಚೆಂಡು ಇನ್ನೂ ಹಿಂದೆಯೇ ಬೀಳುತ್ತಿತ್ತು. ಜೊತೆಯಲ್ಲಿ ಆಡುವವರು ತಮ್ಮ ಚೆಂಡು ಬಹಳ ಮುಂದೆ ಬಿದ್ದಿರುವುದನ್ನು ನೋಡುತ್ತಾ ನಿಂತಿದ್ದರೆ, ಈಕೆ ಹಿಂದಿನಿಂದಲೇ ಉದ್ದದ ಕೋಲು ತೆಗೆದು ಹೊಡೆಯಬೇಕಾಗಿತ್ತು. ಆದರೆ ಗ್ರೀನ್ ತಲುಪಿದ ಮೇಲೆ ಆಟ ತಿರುಗುತ್ತಿತ್ತು. ಉಳಿದವರು ಎರಡು ಬಾರಿ ಉರುಳಿಸುವಲ್ಲಿ ಈಕೆಗೆ ಎಷ್ಟೋ ಸಲ ಒಂದೇ ಸಾಕಾಗುತ್ತಿತ್ತು. ನಾಲ್ಕು ದಿನಗಳ ಲೆಕ್ಕ 67, 66, 68, 68. ಒಟ್ಟು 269, ಅಂದರೆ ಪಾರ್‌ಗಿಂತ 15 ಕಡಿಮೆ. ಮೂರನೇ ದಿನದ ಕೊನೆಗೆ ಎರಡನೇ ಸ್ಥಾನದಲ್ಲಿದ್ದವರು ಕೊನೆಯ ದಿನ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಆ ವಾರ ಚೀಲ ಹೊತ್ತವರು ತಾಯಿ ಮಾಹೇಶ್ವರಿ. ಸೆಖೆಯಲ್ಲಿ, ನಾಲ್ಕು ದಿನ, ಗುಡ್ಡ ತಗ್ಗು ಹತ್ತಿ ಇಳಿದು ಮಗಳ ಜೊತೆ ನಡೆದರು. ಕ್ಯಾಡಿ ಎಂದರೆ ಕೂಲಿ ಎಂದು ತಿಳಿಯಬೇಡಿ. ಕೋಲು ಕೊಡುವುದು, ಚೆಂಡು ಒರೆಸುವುದು ಮಾತ್ರವಲ್ಲ, ಕೆಟ್ಟ ಹೊಡೆತವಾದಾಗ ಮುಖ ಗಂಟಿಕ್ಕದೆ ಪಕ್ಕದಲ್ಲಿ ನಿಲ್ಲುವುದೂ ಅವರ ಕೆಲಸ. ಇದನ್ನು ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ, ಆದರೆ ನಾವು ಅದನ್ನು ಮಕ್ಕಳ ಪರೀಕ್ಷೆಯ ದಿನ ಮಾತ್ರ ಮಾಡುತ್ತೇವೆ.

ಶಾರ್ಟ್ ಗೇಮ್ ಒಂದಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದೇನೂ ಇಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಅದಿತಿ ಕೊನೆಯ ದಿನಕ್ಕೆ ಏಳು ಹೊಡೆತಗಳ ಮುನ್ನಡೆಯೊಂದಿಗೆ ಇಳಿದರು. ಅಂದು 77 ಹೊಡೆತಗಳಾದವು, ಚಿನ್ನ ಕೈಜಾರಿತು. ಆದರೂ ಬೆಳ್ಳಿ ಬಂತು. ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಮಹಿಳಾ ಗಾಲ್ಫರ್ ಒಬ್ಬರಿಗೆ ಸಿಕ್ಕ ಮೊದಲ ಪದಕ ಅದು. ಆ ತಂಡದಲ್ಲಿದ್ದ ಮೂವರು ಹೆಣ್ಣುಮಕ್ಕಳೂ ಕರ್ನಾಟಕದವರೇ: ಅದಿತಿ, ಬೆಂಗಳೂರಿನ ಅವನಿ ಪ್ರಶಾಂತ್, ಮೈಸೂರಿನ ಪ್ರಣವಿ ಅರಸ್.

ಈಗ ತಾರಸಿಗೆ ಬರೋಣ. ಗಾಲ್ಫಿನ ಕುಳಿಯ ಅಗಲ 10.8 ಸೆಂ.ಮೀ. ನಾವು ನೀರು ಕುಡಿಯುವ ಸ್ಟೀಲ್ ಲೋಟದ ಬಾಯಿ ಅದಕ್ಕಿಂತ ಕಿರಿದು. ಲೋಟವನ್ನು ಅಡ್ಡ ಮಲಗಿಸಿ, ಒಂದು ಮೀಟರ್ ದೂರದಿಂದ ಚೆಂಡು ಅದರೊಳಗೆ ಉರುಳಲಿ. ಲೋಟಕ್ಕೆ ಗುರಿ ಕಟ್ಟಿದವಳಿಗೆ ಕುಳಿ ಬಾವಿಯಂತೆ ಕಾಣುತ್ತದೆ. ಕೋಲಿನ ಮುಖ ಎತ್ತ ನೋಡುತ್ತದೆಯೋ ಚೆಂಡು ಹೆಚ್ಚುಕಡಿಮೆ ಅತ್ತಲೇ ಹೊರಡುತ್ತದೆ. ಮೂರು ಮೀಟರ್ ದೂರದಲ್ಲಿ ಮುಖ ಒಂದೇ ಒಂದು ಡಿಗ್ರಿ ತಿರುಗಿದರೂ ಚೆಂಡು ಐದು ಸೆಂ.ಮೀ. ಪಕ್ಕಕ್ಕೆ ಸರಿದು ಕುಳಿಯ ಅಂಚಿಗೆ ಹೋಗಿಬಿಡುತ್ತದೆ. ಆದ್ದರಿಂದ ಕೋಲಿನ ತಲೆ ಮಾತ್ರ ತೂರುವಷ್ಟು ಜಾಗ ಬಿಟ್ಟು ಎರಡು ಬ್ಯಾಟರಿ ಸೆಲ್‌ಗಳನ್ನು ನಿಲ್ಲಿಸಿ, ಅವುಗಳಿಗೆ ತಾಗದಂತೆ ಹೊಡೆಯಲು ಹೇಳಿ. ಸೆಲ್ ಬಿದ್ದರೆ ಆ ಹೊಡೆತ ಲೆಕ್ಕಕ್ಕಿಲ್ಲ. ಹೊಡೆದ ಮೇಲೆ ತಲೆ ಎತ್ತಿ ನೋಡುವ ಆತುರ ಎಲ್ಲರಿಗೂ ಇರುತ್ತದೆ. ಚೆಂಡು ಲೋಟಕ್ಕೆ ಬಿದ್ದ ಸದ್ದನ್ನು ಕಿವಿಯಲ್ಲಿ ಕೇಳಲಿ, ಕಣ್ಣು ನೆಲದ ಮೇಲೇ ಇರಲಿ.

ಇನ್ನು ವೇಗ. ಇದು ದಿಕ್ಕಿಗಿಂತ ಕಷ್ಟ. ಜಮಖಾನ ಹಾಸಿ, ಚೆಂಡು ಅದರ ದೂರದ ಅಂಚನ್ನು ದಾಟದೆ, ಅಂಚಿನಿಂದ ಒಂದು ಗೇಣಿನೊಳಗೆ ನಿಲ್ಲಬೇಕು ಎಂಬ ಆಟ ಮಾಡಿ. ಎರಡು ಮೀಟರ್, ಮೂರು, ನಾಲ್ಕು, ಹೀಗೆ ಪ್ರತಿ ಸಲ ದೂರ ಬದಲಾಗಲಿ. ಒಂದೇ ಜಾಗದಿಂದ ನೂರು ಸಲ ಹೊಡೆದರೆ ಆ ಜಾಗ ಮಾತ್ರ ಕೈಗೆ ಬರುತ್ತದೆ.

ಚೆಂಡನ್ನು ಎತ್ತಿ ಹಾಕುವ ಚಿಪ್ ಹೊಡೆತವನ್ನು ಮಾತ್ರ ತಾರಸಿಯಲ್ಲಿ ಬೇಡ. ಸುಮಾರು 46 ಗ್ರಾಂ ತೂಗುವ ಗಟ್ಟಿ ಚೆಂಡು ಅದು. ಪಕ್ಕದ ಮನೆಯ ಕಿಟಕಿಯ ಗಾಜು ಹೋದರೆ ಗಾಲ್ಫ್ ಅಂದೇ ಮುಗಿಯಿತು! ತಮ್ಮ ತವರು ಖಾನಾಪುರ, ಅಲ್ಲಿ ಮನೆಯ ಹಿಂದೆ ದೊಡ್ಡ ಹಿತ್ತಲಿದೆ ಎಂದು ಪತ್ರದಲ್ಲಿದೆ. ಅಲ್ಲಿನ ಮಳೆಗೆ ಹುಲ್ಲಿಗೇನೂ ಕೊರತೆಯಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಒಂದು ಟವೆಲ್ ಹಾಸಿ, ಚೆಂಡು ಅದರ ಮೇಲೆ ಬಿದ್ದು ಮುಂದೆ ಉರುಳಲಿ. ಮೈಭಾರ ಗುರಿಯ ಕಡೆಗಿರುವ ಕಾಲಿನ ಮೇಲೆ, ಕೈಗಳು ಚೆಂಡಿಗಿಂತ ತುಸು ಮುಂದೆ, ಮಣಿಕಟ್ಟು ಕುಣಿಯದಂತೆ ಹೊಡೆಯಬೇಕು. ಚೆಂಡನ್ನು ಮೊರದಲ್ಲಿ ಕೇರಿದಂತೆ ಮೇಲೆತ್ತಲು ಹೋಗುವುದೇ ಹೊಸಬರು ಎಡವುವ ಜಾಗ. ಎತ್ತುವ ಕೆಲಸವನ್ನು ಕೋಲಿನ ಓರೆ ಮುಖವೇ ಮಾಡುತ್ತದೆ. ಮರಳಿನ ಹೊಡೆತಕ್ಕೆ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಕೇಳಿಕೊಂಡು ಒಂದು ಗಂಟೆ ಮರಳಿನ ರಾಶಿಯ ಬುಡದಲ್ಲಿ ಅಭ್ಯಾಸ ಮಾಡಬಹುದು. ಅಲ್ಲಿ ಚೆಂಡಿಗೆ ಹೊಡೆಯಬಾರದು. ಅದರ ಹಿಂದೆ ಎರಡು ಬೆರಳು ಬಿಟ್ಟು ಮರಳಿಗೆ ಹೊಡೆಯಬೇಕು, ಮರಳೇ ಚೆಂಡನ್ನು ಹೊತ್ತು ತರುತ್ತದೆ.

ಇಷ್ಟರಿಂದಲೇ ಯಾರೂ ವೃತ್ತಿಪರ ಆಟಗಾರ್ತಿಯಾಗುವುದಿಲ್ಲ. ಉದ್ದದ ಹೊಡೆತ ಕಲಿಯಲು ನಿಜವಾದ ಮೈದಾನ ಬೇಕು, ಗುರು ಬೇಕು, ಖರ್ಚಿದೆ. ಮೊದಲು ಹವ್ಯಾಸಿಗಳ ಕಿರಿಯರ ಪಂದ್ಯಗಳಲ್ಲಿ ಆಡಬೇಕು. ದೇಶದ ಮಹಿಳಾ ವೃತ್ತಿಪರ ಟೂರ್‌ನಲ್ಲಿ ಹವ್ಯಾಸಿ ಹುಡುಗಿಯರಿಗೂ ಆಡುವ ಅವಕಾಶ ಇರುತ್ತದೆ. ಮಾಮು ಅವರ ಮೈದಾನದಲ್ಲಿ ಸಿಬ್ಬಂದಿಯ ಮಕ್ಕಳಿಗೆ ಏನಾದರೂ ರಿಯಾಯಿತಿ ಇದೆಯೇ ಎಂದು ಮೊದಲು ಕೇಳಿ.

ಎರಡನೇ ಪ್ರಶ್ನೆ. ಗಾಲ್ಫಿನ ನಿಯಮ ಪುಸ್ತಕ ಪೂರ್ತಿ ತೋಳಿನ ಅಂಗಿ, ಸಡಿಲ ಪೈಜಾಮ, ತಲೆವಸ್ತ್ರ ಯಾವುದನ್ನೂ ತಡೆಯುವುದಿಲ್ಲ. ಉಡುಪಿನ ಕಟ್ಟುಪಾಡು ಇದ್ದರೆ ಅದು ಆಯಾ ಕ್ಲಬ್‌ನದು ಅಥವಾ ಪಂದ್ಯ ನಡೆಸುವವರದು. ಹೆಸರು ಕೊಡುವ ಮೊದಲೇ ವಿಚಾರಿಸಿಕೊಳ್ಳಿ. ಮೊರೊಕ್ಕೊದ ಮಹಾ ಹದ್ದಿವಿ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದರು. ಅದೇ ದೇಶದ ಇನೆಸ್ ಲಕ್ಲಲೆಕ್ 2022ರಲ್ಲಿ ಫ್ರೆಂಚ್ ಓಪನ್ ಗೆದ್ದು, ಯುರೋಪಿನ ಮಹಿಳಾ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಅರಬ್ ಮಹಿಳೆಯಾದರು. ಜಿದ್ದಾದ ಉತ್ತರಕ್ಕೆ, ಕೆಂಪು ಸಮುದ್ರದ ದಡದಲ್ಲಿ 2020ರ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ಮೊದಲ ಮಹಿಳಾ ವೃತ್ತಿಪರ ಟೂರ್ನಿ ನಡೆಯಿತು. 2023ರಲ್ಲಿ ಅಲ್ಲಿಯೇ ನಮ್ಮ ಅದಿತಿ ಎರಡನೇ ಸ್ಥಾನ ಪಡೆದರು. ಹಝ್ರತ್ ಆಯಿಶಾ(ರ) ಪ್ರವಾದಿವರ್ಯರೊಂದಿಗೆ(ಸ) ಓಟದ ಪಂದ್ಯ ಓಡಿದ ಘಟನೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಮಗಳು ಎಂಟನೇ ತರಗತಿ ದಾಟಿದ ಕೂಡಲೇ ಅದನ್ನು ಮರೆಯುತ್ತೇವೆ.

ಹಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪ್ರಾಯೋಜಕರು ಕೊಡುವ ಬಹುಮಾನ ಬೇರೆ, ಆಡುವವರೇ ಕೈಯಿಂದ ಹಣ ಹಾಕಿ ಗೆದ್ದವರು ಒಯ್ಯುವುದು ಬೇರೆ. ಗೆಳೆಯರ ಆಟದಲ್ಲಿ ಕುಳಿಗೆ ಇಷ್ಟೆಂದು ಬಾಜಿ ಕಟ್ಟುವ ಚಾಳಿ ಗಾಲ್ಫ್‌ನಲ್ಲಿ ಹಳೆಯದು, ಅದು ಜೂಜೇ. ಪ್ರವೇಶ ಶುಲ್ಕ ಎಲ್ಲಿಗೆ ಹೋಗುತ್ತದೆ, ಪ್ರಾಯೋಜಕರು ಯಾರು ಎಂಬುದನ್ನು ತಿಳಿದುಕೊಂಡು ನಿಮ್ಮ ಆಲಿಮರ ಬಳಿ ಕೇಳಿ. ಒಂದು ಸುತ್ತಿಗೆ ನಾಲ್ಕೈದು ಗಂಟೆ ಹಿಡಿಯುತ್ತದೆ, ಆದ್ದರಿಂದ ಝುಹರ್‌ನ ವೇಳೆಯನ್ನು ನೋಡಿಕೊಂಡು ಹೊರಡಿ.

ನಾಳೆಯೇ ಮಾಡಬಹುದಾದ ಕೆಲಸ ಒಂದಿದೆ. ಮಗಳಿಗೆ ಒಂದು ನೋಟುಪುಸ್ತಕ ತಂದುಕೊಡಿ. ದಿನಕ್ಕೆ ಒಂದು ಸಾಲು: ತಾರೀಕು, ಒಂದು ಮೀಟರಿನಿಂದ ಐವತ್ತರಲ್ಲಿ ಎಷ್ಟು ಚೆಂಡು ಲೋಟಕ್ಕೆ ಬಿತ್ತು, ಮೂರು ಮೀಟರಿನಿಂದ ಇಪ್ಪತ್ತರಲ್ಲಿ ಎಷ್ಟು. ಸಣ್ಣದಾದರೂ ನಿತ್ಯ ಮಾಡುವ ಕೆಲಸದ ಬಗ್ಗೆ ಪ್ರವಾದಿ(ಸ) ಹೇಳಿದ್ದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಮೂರು ತಿಂಗಳು ಕಳೆದ ಮೇಲೆ ಆ ಪುಸ್ತಕವನ್ನು ಅವಳ ಅಬ್ಬಾ ಮತ್ತು ದಾದಿಯ ಮುಂದೆ ತೆರೆದಿಡಿ. ಚೆಂಡು ಹೆಕ್ಕುವ ಕೆಲಸಕ್ಕೆ ತಮ್ಮನನ್ನು ಹಚ್ಚಬಹುದು, ಲೆಕ್ಕ ಬರೆಯಲು ಮಾತ್ರ ನೀವೇ ತಾರಸಿಗೆ ಹೋಗಿ.