ಎಲ್ಲಾ ನಳಾ ಒಮ್ಮೆಲೇ ಬಿಟ್ಟು ನೋಡ್ರಿ

ಧಾರವಾಡದಾಗ ನಮ್ಮ ಹೊಸ ಮನಿ ಕಟ್ಟಿದಾಗ ಪ್ಲಂಬರ್ ಬಂದು ಒಂದೊಂದ ನಳಾ ಬಿಟ್ಟು ತೋರಿಸಿದ. ಅಡಗಿಮನಿದು ಬಿಟ್ಟ, ನೀರು ಧೋ ಅಂತ ಬಂತು, ಬಂದ್ ಮಾಡಿದ. ಬಚ್ಚಲಮನಿದು ಬಿಟ್ಟ, ಬಂದ್ ಮಾಡಿದ. "ಎಲ್ಲಾ ಛಲೋ ಅದ ನೋಡ್ರಿ" ಅಂತ ರೊಕ್ಕ ತಗೊಂಡು ಹೋದ. ಗೃಹಪ್ರವೇಶದ ದಿನ ಮುಂಜಾನೆ ಮನಿತುಂಬ ಮಂದಿ. ಕೆಳಗ ಇಬ್ಬರು ಸ್ನಾನಕ್ಕ ಹೋಗ್ಯಾರ, ಅಡಗಿಯವ್ರು ಅಕ್ಕಿ ತೊಳೀಲಿಕ್ಕತ್ತಾರ, ಮ್ಯಾಲೆ ಸೋದರತ್ತಿ ಮೈಗೆಲ್ಲಾ ಸಾಬಾಣ ಹಚ್ಚಿಕೊಂಡು ಕೂತಾಳ, ನಳದಾಗ ಹನಿ ನೀರಿಲ್ಲ! ಟಾಕಿ ನೋಡಿದ್ರ ತುಂಬೇದ. ಅದರಿಂದ ಇಳಿಯೋ ಪೈಪೇ ಸಣ್ಣದು.

"ಒಂದೊಂದ ಬಿಟ್ಟು ನೋಡಿದ್ರ ಏನ್ ಗೊತ್ತಾಗ್ತದ? ಮಂದಿ ಬಂದ ದಿನ ಎಲ್ಲಾರೂ ಕೂಡೇ ಬಿಡ್ತಾರ" ಅಂದ್ಲು ಅವ್ವ.

ನಾ ಬೆಂಗಳೂರಾಗ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡ್ತೀನಿ. ಅವ್ವ ಹೇಳಿದ್ದಕ್ಕ ನಮ್ಮಲ್ಲಿ ಲೋಡ್ ಟೆಸ್ಟಿಂಗ್ ಅಂತಾರ. ಜೆಮೀಟರ್‌ನಂಥ ಸಲಕರಣೆಯಿಂದ ಸಾವಿರಾರು ಸುಳ್ಳು ಬಳಕೆದಾರರನ್ನ ಸೃಷ್ಟಿಸಿ, ಸೈಟಿನ ಮ್ಯಾಲೆ ಸಾವಕಾಶ ಬಿಟ್ಟು, ಎಲ್ಲಿ ಉಸಿರುಗಟ್ಟತದ ಅಂತ ನೋಡೋದು. ಗೊತ್ತಿದ್ದೂ ನಾನೊಮ್ಮೆ ತಪ್ಪು ಮಾಡೀನಿ. ಒಂದು ಪ್ರವೇಶ ಅರ್ಜಿಯ ಸೈಟು. ಬಿಡುಗಡೆಗೆ ಎರಡು ದಿನ ಬಾಕಿ. "ಒಬ್ಬೊಬ್ಬರದು ಸರಿಯಾಗಿ ನಡೀಲಿಕ್ಕತ್ತದಲ್ಲ, ಮತ್ತೇನು? ಕ್ಲೌಡ್‌ನಾಗ ಹಾಕೇವಿ, ತಾನ ಬೆಳೀತದ" ಅಂದ್ರು ಮ್ಯಾನೇಜರ್ ಸಾಹೇಬ್ರು. ನಾ ಹೂಂ ಅಂದೆ. ಕಡೀ ದಿನ ಸಂಜೀಕ ಸೈಟು ಮಲಗಿತು. ಊರಿಂದ ನಮ್ಮ ಕಾಕಾನ ಮಗಳು ಫೋನ್ ಮಾಡಿ, "ಅಕ್ಕಾ, ರೊಕ್ಕ ಕಟ್ ಆಗೇದ, ರಸೀದಿ ಬಂದಿಲ್ಲ, ನನ್ನ ಸೀಟು ಹೋತೇನು?" ಅಂತ ಅಳಲಿಕ್ಕತ್ತಳು. ಆಮ್ಯಾಲೆ ತಾರೀಖು ಮುಂದ ಹಾಕಿದ್ರು, ಆಕಿ ಸೀಟು ಉಳೀತು. ಆದ್ರ ಆ ರಾತ್ರಿ ಆಕಿ ಅತ್ತದ್ದು ನನ್ನ ಹೂಂ ಸಲುವಾಗಿ.

ಕ್ಲೌಡ್ ಇದ್ರ ಸಾಕು ಅನ್ನೋ ಮಾತು ನನಗ ಇವತ್ತೂ ಒಪ್ಪಿಗಿಲ್ಲ. ಲೆಕ್ಕ ನೋಡ್ರಿ: ಡೇಟಾಬೇಸಿಗೆ ಹೋಗೋ ದಾರಿ 10 ಇದ್ದು, ಒಂದೊಂದು ಕೆಲಸಕ್ಕ ಅರ್ಧ ಸೆಕೆಂಡು ಹಿಡಿದ್ರ, ಸೆಕೆಂಡಿಗೆ ಮುಗಿಯೋದು 20. ಸೆಕೆಂಡಿಗೆ 100 ಮಂದಿ ಬಂದ್ರ 80 ಮಂದಿ ಪಾಳಿಯೊಳಗ, ಮುಂದಿನ ಸೆಕೆಂಡಿಗೆ 160. ಡೇಟಾಬೇಸೇ ಸೋತಾಗ ಹೊಸ ಸರ್ವರ್ ಹಚ್ಚೋದಂದ್ರ ಅದೇ ಸಣ್ಣ ಪೈಪಿಗೆ ಮತ್ತೊಂದು ನಳಾ ಹಚ್ಚಿದಂಗ.

ಸರಾಸರಿಯನ್ನೂ ನಂಬಬ್ಯಾಡ್ರಿ. 90 ಮಂದಿಗೆ 1 ಸೆಕೆಂಡು, 10 ಮಂದಿಗೆ 30 ಸೆಕೆಂಡು ಆದ್ರ ಸರಾಸರಿ 3.9. ವರದಿ ಚಂದ ಕಾಣ್ತದ, ಆ ಹತ್ತು ಮಂದಿ ಫೋನ್ ಹಿಡಕೊಂಡು ಕೂತಿರ್ತಾರ. ಅವರೇ ಹೆಚ್ಚಾಗಿ ಹಳ್ಳಿ ನೆಟ್‌ವರ್ಕಿನವ್ರು.

ದೊಡ್ಡವ್ರೂ ಎಡವ್ಯಾರ. ಅಮೆರಿಕದ ಆರೋಗ್ಯ ವಿಮೆಯ ಸರ್ಕಾರಿ ಸೈಟು ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ಕ್ಕ ತೆರೀತು. ಲಕ್ಷಗಟ್ಟಲೆ ಮಂದಿ ನುಗ್ಗಿದ್ರು, ಮೊದಲನೇ ದಿನ ನೋಂದಣಿ ಮುಗಿಸಿದವ್ರು 6 ಮಂದಿ. ಬಿಡುಗಡೆಗೆ ಕೆಲವೇ ದಿನ ಮೊದಲು ಮಾಡಿದ ಪರೀಕ್ಷೆಯೊಳಗ ಕೆಲವು ನೂರು ಮಂದಿಗೇ ಅದು ಕುಸಿದಿತ್ತಂತ ಪತ್ರಿಕೆಗಳು ಆಮ್ಯಾಲೆ ಬರದವು. ತಿದ್ದಲಿಕ್ಕೆ ವ್ಯಾಳ್ಯಾ ಇಲ್ಲದಾಗ ಮಾಡಿದ ಪರೀಕ್ಷೆ ಮಾಡಿದ್ರೆಷ್ಟು, ಬಿಟ್ರೆಷ್ಟು?

ಖರ್ಚು ಆಗ್ತದ, ಹೌದು. ಖರೇ ಗಾತ್ರದ ಡೇಟಾ ತುಂಬಿ ಪರೀಕ್ಷಾ ಸರ್ವರ್ ಇಡಬೇಕು, ಸಿಕ್ಕ ದೋಷ ತಿದ್ದಲಿಕ್ಕೆ ಒಂದೆರಡು ವಾರ ಕೈಯಾಗ ಇಟ್ಟುಕೋಬೇಕು. ನಮ್ಮನಿಯೊಳಗ ಆಮ್ಯಾಲೆ ಗ್ವಾಡಿ ಒಡದು ಪೈಪ್ ಹಾಕಿಸಿದ್ವಿ. ಹೊಸ ಬಣ್ಣ, ಹೊಸ ಟೈಲ್ಸ್ ಎಲ್ಲಾ ಹಾಳು. ಅದಕ್ಕಿಂತ ಇದು ಸೋವಿ.

ಈಗ ನಾ ಸುಮ್ನ ಹೂಂ ಅನ್ನೂದಿಲ್ಲ. "ಎಲ್ಲಾ ನಳಾ ಒಮ್ಮೆಲೇ ಬಿಟ್ಟು ನೋಡೀರೇನು?" ಅಂತ ಕೇಳ್ತೀನಿ. ಆಫೀಸಿನಾಗ ನಗ್ತಾರ. ನಗಲಿ ಬಿಡ್ರಿ.